ಮೊದಲ ಹಾಫ್ ಮ್ಯಾರಥಾನ್: ಹೊಸ ಓಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಮೊದಲ ಹಾಫ್ ಮ್ಯಾರಥಾನನ್ನು ಚೆನ್ನಾಗಿ ಕೆಡಿಸಿಕೊಂಡು, ಆಮೇಲೆ ಒಂದಷ್ಟು ಸರಿಯಾಗಿ ಓಡಿದ ಸಾಮಾನ್ಯ ಓಟಗಾರ. ನಾನು ಓಡುತ್ತೇನೆ ಅಂತ ಗೊತ್ತಾದ ಮೇಲೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ.

## ಶುರು ಮಾಡುವ ಮುಂಚೆ

ಹಾಫ್ ಮ್ಯಾರಥಾನ್ ಅಂದ್ರೆ ಸರಿಯಾಗಿ ಎಷ್ಟು ಕಿಲೋಮೀಟರ್?

21.0975 ಕಿ.ಮೀ. ಈ ವಿಚಿತ್ರ ಸಂಖ್ಯೆ ಬಂದಿದ್ದು ಫುಲ್ ಮ್ಯಾರಥಾನಿನ 42.195 ಕಿ.ಮೀ.ಯಿಂದ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಅರಮನೆಯಲ್ಲಿ ಶುರುವಾಗಿ, ಸ್ಟೇಡಿಯಂನಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಯಿತು. ಆ ದೂರವೇ 1921ರಲ್ಲಿ ಅಧಿಕೃತವಾಯಿತು.

ರೇಸ್ ದಿನ ನಿಮ್ಮ ವಾಚ್ 21.3 ಅಥವಾ 21.4 ತೋರಿಸಿದರೆ ಗಾಬರಿ ಬೇಡ. ದಾರಿಯನ್ನು ಅಳೆಯುವುದು ತಿರುವುಗಳಲ್ಲಿ ಒಳಗಿನ ಅಂಚು ಹಿಡಿದು. ನಾವು ಓಡುವುದು ಜನರನ್ನು ಸುತ್ತಿ ಬಳಸಿ. ಜಿಪಿಎಸ್ಸೂ ಸ್ವಲ್ಪ ಎಡವುತ್ತದೆ.

ಬಸ್ ಹಿಡಿಯೋಕೆ ನೂರು ಮೀಟರ್ ಓಡಿದ್ರೂ ಏದುಸಿರು ಬರುತ್ತೆ. ನನ್ನ ಕೈಲಿ ಆಗುತ್ತಾ?

ಆಗುತ್ತೆ. ಬಸ್ ಹಿಡಿಯಲು ನೀವು ಓಡುವುದು ನಿಮ್ಮಿಂದಾಗುವ ಪೂರ್ತಿ ವೇಗದಲ್ಲಿ. ಹಾಗೆ ಓಡಿದರೆ ಹತ್ತು ಹಾಫ್ ಮುಗಿಸಿದವರಿಗೂ ಏದುಸಿರು ಬರುತ್ತದೆ. ದೂರದ ಓಟ ಬೇರೆಯದೇ ಕಸುಬು. ಇಲ್ಲಿ ಮೊದಲು ಕಲಿಯಬೇಕಾದದ್ದು ನಿಧಾನವಾಗಿ ಓಡುವುದನ್ನು. ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಪಕ್ಕದಲ್ಲಿ ಯಾರೋ ಚುರುಕಾಗಿ ನಡೆದು ನಿಮ್ಮನ್ನು ದಾಟಿಹೋದಾಗ ಗೊತ್ತಾಗುತ್ತದೆ ಎಷ್ಟು ಕಷ್ಟ ಅಂತ.

ಎಷ್ಟು ತಿಂಗಳು ತಯಾರಿ ಬೇಕು?

ನಿಲ್ಲದೆ, ಅಥವಾ ನಡುನಡುವೆ ಸ್ವಲ್ಪ ನಡೆದು, 5 ಕಿ.ಮೀ. ಮುಗಿಸಬಲ್ಲವರಿಗೆ 12 ವಾರ ಸಾಕು. ಸೊನ್ನೆಯಿಂದ ಶುರು ಮಾಡುವವರು ಐದಾರು ತಿಂಗಳು ಇಟ್ಟುಕೊಳ್ಳಿ.

ಇಷ್ಟು ಯಾಕೆ ಅಂದರೆ, ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಹೃದಯ, ರಕ್ತನಾಳಗಳು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಸ್ನಾಯುಗಳೂ ಪರವಾಗಿಲ್ಲ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮತ್ತು ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅದಕ್ಕೇ ಹೊಸಬರು ಗಾಯ ಮಾಡಿಕೊಳ್ಳುವುದು ಮೊದಲ ವಾರದಲ್ಲಲ್ಲ, ಆರನೇ ಏಳನೇ ವಾರದಲ್ಲಿ. ಉಸಿರು 'ಇನ್ನೂ ಓಡು' ಅನ್ನುತ್ತಿರುತ್ತದೆ, ಕಾಲಿನ ಮೂಳೆ 'ನಾನಿನ್ನೂ ತಯಾರಿಲ್ಲ' ಅನ್ನುತ್ತಿರುತ್ತದೆ. ನಾವು ಉಸಿರಿನ ಮಾತು ಮಾತ್ರ ಕೇಳುತ್ತೇವೆ.

ನನಗೆ 48 ವರ್ಷ, ಬಿಪಿ ಮಾತ್ರೆ ತೊಗೋತೀನಿ. ಓಡಬಹುದಾ?

ವಯಸ್ಸು ಅಡ್ಡಿಯಲ್ಲ. ಬಿಪಿ ಇದ್ದೂ ಓಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರನ್ನು ಕಾಣಿ. ಕೆಲವು ಬಿಪಿ ಮಾತ್ರೆಗಳು ನಾಡಿಬಡಿತವನ್ನು ತಗ್ಗಿಸುತ್ತವೆ, ಕೆಲವು ಮೈಯ ನೀರನ್ನು ಹೊರಹಾಕುತ್ತವೆ. ಓಡುವವರಿಗೆ ಎರಡೂ ಗೊತ್ತಿರಬೇಕು. ಸಕ್ಕರೆ ಕಾಯಿಲೆ ಇದ್ದವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತವಾಗಿದ್ದವರು ಕೂಡ ತೋರಿಸಿಕೊಂಡೇ ಶುರು ಮಾಡಿ. ಓಡುವಾಗ ಎದೆ ಬಿಗಿಯುವುದು, ಕಣ್ಣು ಕತ್ತಲೆ ಬರುವುದು, ಎದೆಬಡಿತ ತಾಳ ತಪ್ಪುವುದು ಆದರೆ ಅಲ್ಲೇ ನಿಲ್ಲಿಸಿ. 'ಇನ್ನೊಂದು ಕಿಲೋಮೀಟರ್ ನೋಡೋಣ' ಅನ್ನುವ ವಿಷಯ ಅದಲ್ಲ.

ಯಾವ ಶೂ ತೊಗೊಳ್ಳಲಿ?

ಹಾಕಿದ ತಕ್ಷಣ ಹಾಯೆನಿಸುವ ಶೂ. ನಿಜವಾಗಿಯೂ ಅಷ್ಟೇ. 'ಹಾಕ್ತಾ ಹಾಕ್ತಾ ಸರಿಹೋಗುತ್ತೆ' ಅನ್ನುವ ಮಾತು ರನ್ನಿಂಗ್ ಶೂಗೆ ಹೊಂದುವುದಿಲ್ಲ. ಸಂಜೆ ಹೋಗಿ ಕೊಳ್ಳಿ, ದಿನವಿಡೀ ನಿಂತು ನಡೆದು ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಕಾರ್ಬನ್ ಪ್ಲೇಟ್ ಇರುವ ದುಬಾರಿ ರೇಸ್ ಶೂ ಮೊದಲ ಹಾಫ್‌ಗೆ ಬೇಡ.

ಹಿಮ್ಮಡಿ ಜಾರುತ್ತಿದ್ದರೆ ಶೂ ಬದಲಿಸುವ ಮುಂಚೆ ಲೇಸ್ ಬದಲಿಸಿ ನೋಡಿ. ಎಷ್ಟೋ ಶೂಗಳಲ್ಲಿ ಕಣಕಾಲಿನ ಹತ್ತಿರ, ಎಲ್ಲರೂ ಬಿಟ್ಟುಬಿಡುವ ಒಂದು ಹೆಚ್ಚುವರಿ ತೂತು ಇರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ, ಪೂರ್ತಿ ಎಳೆಯದೆ ಒಂದು ಸಣ್ಣ ಕುಣಿಕೆ ಬಿಡಿ. ಎರಡೂ ಬದಿ ಹಾಗೇ ಮಾಡಿ. ಈಗ ಎಡದ ಲೇಸನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಅಲ್ಲಾಡುವುದಿಲ್ಲ.

ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ರೇಸ್‌ಗೆ ಹಿಂದಿನ ವಾರ ಹೊಸದನ್ನು ತೆಗೆಯಬೇಡಿ.

## ಮೊದಲ ಕೆಲವು ವಾರ

ಎರಡೇ ನಿಮಿಷಕ್ಕೆ ಉಸಿರು ಕಟ್ಟುತ್ತೆ. ಏನ್ ತಪ್ಪು ಮಾಡ್ತಿದೀನಿ?

ಜೋರಾಗಿ ಓಡುತ್ತಿದ್ದೀರಿ. ನೂರಕ್ಕೆ ತೊಂಬತ್ತು ಸಲ ಕಾರಣ ಇದೇ.

ಪರೀಕ್ಷೆ ಸುಲಭ. ಓಡುತ್ತಲೇ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಿ. ಒಬ್ಬರೇ ಇದ್ದರೆ ನಿಮಗೆ ನೀವೇ ಹೇಳಿಕೊಳ್ಳಿ, ಯಾರೂ ನೋಡಲ್ಲ. ಎರಡು ಮೂರು ಪದಕ್ಕೇ ಉಸಿರು ಎಳೆದುಕೊಳ್ಳಬೇಕಾದರೆ ವೇಗ ಜಾಸ್ತಿ. ಹೆಜ್ಜೆ ಚಿಕ್ಕದು ಮಾಡಿ. ಇದೇನು ಓಟವಾ ಜಾಗಿಂಗಾ ಅಂತ ನಾಚಿಕೆಯಾಗುವಷ್ಟು ನಿಧಾನಕ್ಕೆ ಬನ್ನಿ. ಮೊದಲ ಎರಡು ತಿಂಗಳು ಹೆಚ್ಚುಕಮ್ಮಿ ಎಲ್ಲ ಓಟವೂ ಈ ವೇಗದಲ್ಲೇ ಇರಲಿ.

ವಾಚಿನ ನಾಡಿಬಡಿತ ನೋಡಿ ಓಡುವವರಿಗೆ ಒಂದು ಮಾತು: ಗರಿಷ್ಠ ನಾಡಿಬಡಿತ ತಿಳಿಯಲು 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ಬರೀ ಅಂದಾಜು. ಒಬ್ಬೊಬ್ಬರಲ್ಲಿ ಹತ್ತು ಹದಿನೈದು ಬಡಿತ ಆಚೀಚೆ ಇರುತ್ತದೆ. ಮಾತಿನ ಪರೀಕ್ಷೆಯನ್ನೇ ನಾನು ಜಾಸ್ತಿ ನಂಬುತ್ತೇನೆ.

ಮಧ್ಯೆ ಮಧ್ಯೆ ನಡೆದರೆ ಅದು ಮೋಸ ಅಲ್ವಾ?

ಅಲ್ಲ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಹೊಸಬರಿಗೆ ಹೇಳಿಕೊಟ್ಟಿದ್ದೇ ಇದನ್ನು: ಓಡು, ನಡೆ, ಓಡು. ಇದರ ಗುಟ್ಟು ಸುಸ್ತಾಗುವ ಮುಂಚೆಯೇ ನಡೆಯುವುದರಲ್ಲಿದೆ. ಸುಸ್ತಾಗಿ ನಡೆದರೆ ಮತ್ತೆ ಓಡಲು ಮನಸ್ಸೇ ಬರುವುದಿಲ್ಲ.

ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಶುರು ಮಾಡಿ. ವಾರದಿಂದ ವಾರಕ್ಕೆ ಓಟವನ್ನು ಹಿಗ್ಗಿಸಿ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆಗೆ ಬಂದು ನಿಂತರೆ ಆ ಲೆಕ್ಕದಲ್ಲೇ ಇಡೀ ಹಾಫ್ ಮುಗಿಸಬಹುದು. ರಸ್ತೆಯಲ್ಲಿ ನಡೆಯುವಾಗ ಒಂದು ಬದಿಗೆ ಸರಿಯಿರಿ, ಹಿಂದಿನವರು ಡಿಕ್ಕಿ ಹೊಡೆಯಬಾರದಲ್ವಾ.

ವಾರಕ್ಕೆ ಎಷ್ಟು ದಿನ, ಎಷ್ಟೆಷ್ಟು ಓಡಬೇಕು?

ಮೂರು ದಿನ ಸಾಕು. ನಾಲ್ಕಾದರೆ ಒಳ್ಳೆಯದು. ಐದು ದಿನ ಓಡುತ್ತೇನೆ ಅನ್ನುವ ಹೊಸಬರನ್ನು ಕಂಡರೆ ನನಗೆ ಭಯ.

ಮಂಗಳವಾರ ಮತ್ತು ಗುರುವಾರ 4ರಿಂದ 6 ಕಿ.ಮೀ. ಸುಮ್ನೆ ಆರಾಮಾಗಿ. ಭಾನುವಾರ ಲಾಂಗ್ ರನ್, ಅಂದರೆ ವಾರದ ಅತಿ ದೂರದ ಓಟ, ಇಡೀ ತಯಾರಿಯ ಬೆನ್ನೆಲುಬು ಅದೇ. ಇನ್ನೆರಡು ದಿನ 20 ನಿಮಿಷದಷ್ಟು ಕಸರತ್ತು: ಬಸ್ಕಿ, ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವುದು), ಮಲಗಿ ಸೊಂಟ ಎತ್ತುವುದು. ಹೆಚ್ಚಿನವರು ಇದನ್ನು ಬಿಡುತ್ತಾರೆ, ನಾನೂ ಬಿಟ್ಟಿದ್ದೆ. 15ನೇ ಕಿಲೋಮೀಟರಿನಲ್ಲಿ ಉಸಿರು ಚೆನ್ನಾಗಿದ್ದರೂ ಸೊಂಟ ಕುಸಿಯುತ್ತದೆ, ಆಗ ನೆನಪಾಗುತ್ತದೆ.

ಲಾಂಗ್ ರನ್ 12 ವಾರಗಳಲ್ಲಿ ಹೀಗೆ ಬೆಳೆಯಲಿ: 8, 9, 11, ಮತ್ತೆ 8, 12, 13, ಮತ್ತೆ 10, 15, 16, 18, ಇಳಿದು 12, ಆಮೇಲೆ ರೇಸ್. ನಡುವೆ ಸಂಖ್ಯೆ ಇಳಿದದ್ದು ತಪ್ಪಿ ಅಲ್ಲ. ದೇಹ ಗಟ್ಟಿಯಾಗುವುದು ಓಡುವಾಗ ಅಲ್ಲ, ಓಡಿದ ಮೇಲಿನ ಬಿಡುವಿನಲ್ಲಿ. 'ವಾರಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬೇಡಿ' ಅನ್ನುವ ನಿಯಮ ಕೇಳಿರುತ್ತೀರಿ. ಅದು ಅನುಭವದ ಮಾತೇ ಹೊರತು ಕಲ್ಲಲ್ಲಿ ಕೆತ್ತಿದ್ದಲ್ಲ. ಒಂದೇ ಸಲ ದೊಡ್ಡ ಜಿಗಿತ ಬೇಡ, ಅಷ್ಟು ನೆನಪಿಟ್ಟರೆ ಆಯಿತು.

ಮೂಗಲ್ಲಿ ಉಸಿರಾಡಬೇಕಾ, ಬಾಯಲ್ಲಾ?

ಎರಡರಲ್ಲೂ. ಗಾಳಿ ಎಲ್ಲಿಂದ ಬರುತ್ತೋ ಬರಲಿ.

ಓಡುವ ಮುಂಚೆ ಸ್ಟ್ರೆಚಿಂಗ್ ಮಾಡದಿದ್ದರೆ ಪೆಟ್ಟಾಗುತ್ತಾ?

ನಿಂತಲ್ಲೇ ಸ್ನಾಯುವನ್ನು ಎಳೆದು ಹಿಡಿಯುವ ಸ್ಟ್ರೆಚಿಂಗ್ ಗಾಯವನ್ನು ದೊಡ್ಡದಾಗಿ ತಡೆಯುವುದಿಲ್ಲ. ಅದನ್ನು ಓಟದ ನಂತರಕ್ಕೆ ಇಟ್ಟುಕೊಳ್ಳಿ, ಹಿತವಾಗಿರುತ್ತದೆ. ಮುಂಚೆ ಐದು ನಿಮಿಷ ಚುರುಕಾಗಿ ನಡೆಯಿರಿ, ಕಾಲನ್ನು ಹಿಂದೆ ಮುಂದೆ ತೂಗಿ, ಮೊದಲ ಕಿಲೋಮೀಟರನ್ನು ತೀರಾ ನಿಧಾನವಾಗಿ ಓಡಿ. ವಾರ್ಮ್ ಅಪ್ ಆಯಿತು.

ಟ್ರೆಡ್‌ಮಿಲ್ ಮೇಲೆ ಮಾತ್ರ ಓಡಿದರೆ ನಡೆಯುತ್ತಾ?

ಮಳೆ, ಬಿಸಿಲು, ರಾತ್ರಿ ಪಾಳಿ ಇದ್ದಾಗ ಧಾರಾಳವಾಗಿ. ಆದರೆ ಲಾಂಗ್ ರನ್‌ಗಳಲ್ಲಿ ಅರ್ಧದಷ್ಟಾದರೂ ರಸ್ತೆಯಲ್ಲಿರಲಿ. ಇಳಿಜಾರು, ತಿರುವು, ಗಟ್ಟಿ ನೆಲ, ಇವು ಯಂತ್ರದ ಮೇಲೆ ಸಿಗುವುದಿಲ್ಲ. ಅದರಲ್ಲೂ ಇಳಿಜಾರು ತೊಡೆಯನ್ನು ಹಿಂಡಿಹಾಕುತ್ತದೆ.

ತೂಕ ಇಳಿಯುತ್ತಾ?

ಇಳಿಯಬಹುದು, ಇಳಿಯದೆಯೂ ಇರಬಹುದು. ಒಂದು ಕಿಲೋಮೀಟರ್ ಓಡಿದರೆ ದೇಹದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚು. 70 ಕಿಲೋ ಇರುವವರು 5 ಕಿ.ಮೀ. ಓಡಿದರೆ 350. ಆಮೇಲೆ ಬರುವ ಹಸಿವು ಅದನ್ನು ಹತ್ತು ನಿಮಿಷದಲ್ಲಿ ವಸೂಲಿ ಮಾಡುತ್ತದೆ. ಹಾಫ್ ತಯಾರಿ ಮತ್ತು ಕಟ್ಟುನಿಟ್ಟಿನ ಡಯಟ್ ಎರಡನ್ನೂ ಒಟ್ಟಿಗೆ ಹಿಡಿಯಬೇಡಿ, ಎರಡೂ ಕೈಬಿಟ್ಟು ಹೋಗುತ್ತವೆ.

## ನೋವು, ಗಾಯ, ತಪ್ಪಿಹೋದ ದಿನಗಳು

ಓಡಿದ್ರೆ ಮೊಣಕಾಲು ಸವೆದುಹೋಗುತ್ತೆ ಅಂತಾರೆ, ನಿಜಾನಾ?

ಹವ್ಯಾಸಕ್ಕೆ ಓಡುವವರಲ್ಲಿ ಮೊಣಕಾಲಿನ ಸವೆತ, ಓಡದೆ ಕೂತವರಿಗಿಂತ ಜಾಸ್ತಿ ಕಂಡುಬಂದಿಲ್ಲ. ಅಧ್ಯಯನಗಳಲ್ಲಿ ಕಮ್ಮಿಯೇ ಕಂಡಿದೆ. ಕೀಲು ಯಂತ್ರದ ಭಾಗವಲ್ಲ, ಜೀವವಿರುವ ಅಂಗ. ಹದವಾದ ಭಾರ ಬಿದ್ದರೆ ಹೊಂದಿಕೊಳ್ಳುತ್ತದೆ. ಆದರೆ ಮೊದಲೇ ಮೊಣಕಾಲಿಗೆ ಪೆಟ್ಟಾಗಿದ್ದರೆ ಅಥವಾ ಆಪರೇಷನ್ ಆಗಿದ್ದರೆ ಲೆಕ್ಕ ಬೇರೆ. ಮೂಳೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಯಾವ ನೋವು ಸಹಿಸಬಹುದು, ಯಾವುದಕ್ಕೆ ನಿಲ್ಲಿಸಬೇಕು?

ಎರಡೂ ಕಾಲಲ್ಲಿ, ಸ್ನಾಯುಗಳ ಉದ್ದಕ್ಕೂ ಹರಡಿದ, ಒಂದೆರಡು ದಿನ ಬಿಟ್ಟು ಹೆಚ್ಚಾಗಿ ಆಮೇಲೆ ತಾನೇ ಇಳಿಯುವ ನೋವು ಮಾಮೂಲಿ. ಓಡುತ್ತಾ ಓಡುತ್ತಾ ಜಾಸ್ತಿಯಾಗುವ, ಕುಂಟಿಸುವ, ಒಂದೇ ಕಾಲಲ್ಲಿ ಒಂದೇ ಜಾಗದಲ್ಲಿ ಕೂತ ನೋವು ಮಾಮೂಲಿಯಲ್ಲ.

ಹೊಸಬರನ್ನು ಜಾಸ್ತಿ ಕಾಡುವುದು ಮೊಣಕಾಲ ಕೆಳಗಿನ ಮೂಳೆ, ಅಂದರೆ ಶಿನ್. ಇದನ್ನು ನೀವೇ ಒಂದಷ್ಟು ಪರೀಕ್ಷಿಸಬಹುದು. ಕುರ್ಚಿಯ ಮೇಲೆ ಕೂತು, ಕಾಲಿನ ಒಳಬದಿಯಲ್ಲಿ ಮೂಳೆಯ ಅಂಚಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಮೇಲಿನಿಂದ ಕೆಳಗೆ ಬನ್ನಿ. ಒಂದು ಗೇಣಿನಷ್ಟು ಉದ್ದಕ್ಕೂ ನೋವಿದ್ದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್. ಓಟ ತಗ್ಗಿಸಿ, ವೇಗ ಇಳಿಸಿ, ಮೀನಖಂಡದ ಕಸರತ್ತು ಮಾಡಿ. ಹಾಗಲ್ಲದೆ ಒಂದು ನಾಣ್ಯದಷ್ಟು ಜಾಗದಲ್ಲಿ ಬೆರಳಿಟ್ಟ ಕೂಡಲೇ ಹಲ್ಲು ಕಚ್ಚುವಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಅವತ್ತೇ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮೊದಲ ವಾರಗಳಲ್ಲಿ ಎಕ್ಸ್-ರೇಯಲ್ಲಿ ಅದು ಕಾಣದೇ ಹೋಗಬಹುದು, ಹಾಗಾಗಿ 'ಎಕ್ಸ್-ರೇ ನಾರ್ಮಲ್' ಅಂದ ಮಾತ್ರಕ್ಕೆ ಮತ್ತೆ ಓಡಲು ಹೋಗಬೇಡಿ.

ತೊಡೆ ಉಜ್ಜುತ್ತೆ, ಬೆರಳಲ್ಲಿ ಬೊಬ್ಬೆ ಬರುತ್ತೆ, ಉಗುರು ಕಪ್ಪಾಗಿದೆ!

ಓಟಗಾರರ ಸಂಘಕ್ಕೆ ಸ್ವಾಗತ. ಉಜ್ಜುವಲ್ಲೆಲ್ಲ, ಅಂದರೆ ತೊಡೆಯ ಒಳಬದಿ, ಕಂಕುಳು, ಬ್ರಾ ಪಟ್ಟಿಯ ಕೆಳಗೆ, ಗಂಡಸರಾದರೆ ಮೊಲೆತೊಟ್ಟಿಗೆ, ವ್ಯಾಸಲೀನ್ ಹಚ್ಚಿ. ಹತ್ತಿಯ ಕಾಲುಚೀಲ ಬೆವರು ಹಿಡಿದಿಟ್ಟುಕೊಂಡು ಬೊಬ್ಬೆ ಎಬ್ಬಿಸುತ್ತದೆ, ಸಿಂಥೆಟಿಕ್ ಹಾಕಿ. ಉಗುರು ಕಪ್ಪಾಗುವುದು ಬೆರಳು ಶೂನ ಮುಂಭಾಗಕ್ಕೆ ಬಡಿದು ಬಡಿದು. ಉಗುರು ಕತ್ತರಿಸಿ, ಆಮೇಲೂ ಆದರೆ ಶೂ ಅರ್ಧ ಸೈಜ್ ದೊಡ್ಡದು ಮಾಡಿ.

ಪೀರಿಯಡ್ಸ್ ದಿನಗಳಲ್ಲಿ ಓಡಬಹುದಾ?

ಓಡಬಹುದು. ಹಲವರಿಗೆ ಹೊಟ್ಟೆನೋವು ಹಗುರಾಗುತ್ತದೆ. ಸುಸ್ತೆನಿಸಿದ ದಿನ ಬಿಡುವುದೂ ಸರಿಯೇ. ನಿಜವಾಗಿ ಗಮನ ಕೊಡಬೇಕಾದದ್ದು ತಯಾರಿ ಶುರುವಾದ ಮೇಲೆ ಮುಟ್ಟು ತಪ್ಪಿಹೋದರೆ. ಗರ್ಭ ನಿಂತಿಲ್ಲ ಅಂತ ಖಾತ್ರಿಯಾದರೆ, ಓಟದ ಖರ್ಚಿಗೆ ತಕ್ಕಷ್ಟು ಊಟ ಹೋಗುತ್ತಿಲ್ಲ ಅನ್ನುವುದರ ಸೂಚನೆ ಅದಾಗಿರಬಹುದು. ಹಾಗೇ ಮುಂದುವರಿದರೆ ಮೂಳೆ ದುರ್ಬಲವಾಗುತ್ತದೆ. ಡಾಕ್ಟರನ್ನು ಕಾಣಿ.

ಜ್ವರ ಬಂದು ಎರಡು ವಾರ ತಪ್ಪಿಹೋಯ್ತು. ಎಲ್ಲ ಹಾಳಾಯ್ತಾ?

ಇಲ್ಲ. ಎರಡು ವಾರದಲ್ಲಿ ಕಳೆದುಹೋಗುವುದು ಸ್ವಲ್ಪವೇ. ತಪ್ಪಿದ ಕಿಲೋಮೀಟರುಗಳನ್ನು ಮುಂದಿನ ವಾರಕ್ಕೆ ಕೂಡಿಸುವುದು ಮಾತ್ರ ಬೇಡ, ಬಿದ್ದದ್ದು ಬಿತ್ತು. ಬಿಟ್ಟ ಜಾಗಕ್ಕಿಂತ ಒಂದು ಮೆಟ್ಟಿಲು ಕೆಳಗಿಂದ ಮತ್ತೆ ಹತ್ತಿ. ಬರೀ ನೆಗಡಿಯಾದರೆ ಮೆಲ್ಲಗೆ ಓಡಬಹುದು. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದಾಗ ಓಡಲೇಬಾರದು.

## ದೂರ ಹೆಚ್ಚಾದ ಮೇಲೆ

ಲಾಂಗ್ ರನ್ ಮಧ್ಯೆ ಏನಾದ್ರೂ ತಿನ್ನಬೇಕಾ? ನೀರು ಎಷ್ಟು?

ಒಂದು ಗಂಟೆಯೊಳಗಿನ ಓಟಕ್ಕೆ ಏನೂ ಬೇಡ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಒಂದೂವರೆ, ಎರಡು ಗಂಟೆಯ ಹೊತ್ತಿಗೆ ತಳ ಕಾಣತೊಡಗುತ್ತದೆ. ಹಾಗಾಗಿ 90 ನಿಮಿಷ ದಾಟುವ ಓಟಗಳಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಸಣ್ಣ ಪೊಟ್ಟಣದಲ್ಲಿ ಸಿಗುವ, ಸಕ್ಕರೆ ಪಾಕದಂಥ ಒಂದು ಎನರ್ಜಿ ಜೆಲ್‌ನಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. ಸುಸ್ತಾದ ಮೇಲೆ ಅಲ್ಲ, 40ನೇ ನಿಮಿಷದ ಹೊತ್ತಿಗೇ ಶುರು ಮಾಡಿ. ಲಾಂಗ್ ರನ್‌ಗಳಲ್ಲಿ ತಿಂದು ಅಭ್ಯಾಸ ಮಾಡಿ, ಹೊಟ್ಟೆಗೂ ತರಬೇತಿ ಬೇಕು. ಜೆಲ್ ಜೊತೆ ನೀರು ಕುಡಿಯಿರಿ, ಇಲ್ಲದಿದ್ದರೆ ಗಂಟಲಲ್ಲಿ ಅಂಟಿನ ಹಾಗೆ ಕೂರುತ್ತದೆ.

ನೀರಿನ ವಿಷಯಕ್ಕೆ ಬಂದರೆ, ಬಾಯಾರಿದಾಗ ಕುಡಿಯಿರಿ. ಕಮ್ಮಿಯಾದರೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಅತಿಯಾದರೆ ರಕ್ತದ ಸೋಡಿಯಂ ತಗ್ಗಿ ಜೀವಕ್ಕೇ ಅಪಾಯ, ಇದು ಕಮ್ಮಿ ಜನಕ್ಕೆ ಗೊತ್ತು. ದಾರಿಯ ಪ್ರತಿ ನೀರಿನ ಸ್ಟಾಲಿನಲ್ಲೂ ಎರಡೆರಡು ಲೋಟ ಕುಡಿಯುತ್ತಾ ಹೋಗುವ ನಿಧಾನ ಓಟಗಾರರಿಗೇ ಈ ಅಪಾಯ ಹೆಚ್ಚು.

18 ಕಿ.ಮೀ. ಮಾತ್ರ ಓಡಿದ್ದೀನಿ. ರೇಸ್ ದಿನ ಉಳಿದ ಮೂರು ಎಲ್ಲಿಂದ ಬರುತ್ತೆ?

ಬಂದೇ ಬರುತ್ತೆ. ಆ ದಿನ ಕಾಲುಗಳು ವಿಶ್ರಾಂತಿ ಪಡೆದಿರುತ್ತವೆ, ಸುತ್ತ ಜನರಿರುತ್ತಾರೆ. ತಯಾರಿಯಲ್ಲೇ 21 ಓಡಿ ನೋಡುತ್ತೇನೆ ಅಂದರೆ, ಅದರ ಸುಸ್ತು ಆರಲು ಹಿಡಿಯುವ ದಿನಗಳು ಲಾಭಕ್ಕಿಂತ ದುಬಾರಿ.

ಸ್ಪೀಡ್ ಜಾಸ್ತಿ ಮಾಡೋದು ಹೇಗೆ? ನಿಮಿಷಕ್ಕೆ 180 ಹೆಜ್ಜೆ ಇರಲೇಬೇಕಾ?

ಮೊದಲ ಹಾಫ್‌ಗೆ ಸ್ಪೀಡ್ ವರ್ಕೌಟ್ ಕಡ್ಡಾಯವಲ್ಲ. ಆರೆಂಟು ವಾರ ನೋವಿಲ್ಲದೆ ಓಡಿದ್ದರೆ, ವಾರದ ಒಂದು ಓಟದ ಕೊನೆಯಲ್ಲಿ 20 ಸೆಕೆಂಡಿನ ನಾಲ್ಕೈದು ಚುರುಕು ಓಟ ಸೇರಿಸಿ, ನಡುವೆ ಪೂರ್ತಿ ಸುಧಾರಿಸಿಕೊಳ್ಳಿ. ಅದು ಹಿಡಿಸಿದರೆ ವಾರಕ್ಕೊಮ್ಮೆ 15 ನಿಮಿಷ ಟೆಂಪೋ. ಅಂದರೆ ಮಾತಾಡಲು ಕಷ್ಟ, ಆದರೆ ಓಟ ಕೈಮೀರಿಲ್ಲ ಅನ್ನುವಂಥ ವೇಗ.

180 ಅನ್ನುವುದು ಕೋಚ್ ಜ್ಯಾಕ್ ಡೇನಿಯಲ್ಸ್ 1984ರ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆ ಎಣಿಸಿದಾಗ ಕಂಡ ಸಂಖ್ಯೆ. ಅವರ ವೇಗ ಎಲ್ಲಿ, ನಮ್ಮದೆಲ್ಲಿ. ನಿಧಾನವಾಗಿ ಓಡುವಾಗ 160ರ ಆಸುಪಾಸು ಇದ್ದರೂ ತಪ್ಪಲ್ಲ. ಪಾದ ದೇಹಕ್ಕಿಂತ ತುಂಬಾ ಮುಂದೆ ಬಿದ್ದು ಬ್ರೇಕ್ ಹಾಕಿದಂತಾಗುತ್ತಿದ್ದರೆ ಮಾತ್ರ ಹೆಜ್ಜೆ ಚಿಕ್ಕದು ಮಾಡಿ.

ಎಷ್ಟು ಟೈಮ್ ಗುರಿ ಇಟ್ಟುಕೊಳ್ಳಲಿ?

ಮುಗಿಸುವುದೇ ಗುರಿ ಅನ್ನುತ್ತೇನೆ, ಯಾರೂ ಕೇಳಲ್ಲ. ಹಾಗಾಗಿ ಲೆಕ್ಕ: ನಿಮ್ಮ 10 ಕಿ.ಮೀ. ಸಮಯವನ್ನು 2.2ರಿಂದ ಗುಣಿಸಿ. 10 ಕಿ.ಮೀ.ಗೆ 68 ನಿಮಿಷ ಆದರೆ ಹಾಫ್ ಎರಡೂವರೆ ಗಂಟೆಯ ಹತ್ತಿರ. ಮೊದಲ ಸಲ ಆದ್ದರಿಂದ ಮೇಲೆ ಐದು ಹತ್ತು ನಿಮಿಷ ಸೇರಿಸಿ. 3 ಗಂಟೆಗೆ ಮುಗಿಸಲು ಕಿಲೋಮೀಟರಿಗೆ 8 ನಿಮಿಷ 32 ಸೆಕೆಂಡ್ ಪೇಸ್ ಬೇಕು, ಎರಡೂವರೆ ಗಂಟೆಗೆ 7:07, ಎರಡು ಗಂಟೆಗೆ 5:41. ಹೆಸರು ಕೊಡುವ ಮುಂಚೆ ರೇಸಿನ ಕಟ್ ಆಫ್ ಸಮಯ, ಅಂದರೆ ಎಷ್ಟು ಹೊತ್ತಿನೊಳಗೆ ಮುಗಿಸಬೇಕು ಅನ್ನುವುದನ್ನು, ನೋಡಿಕೊಳ್ಳಿ.

## ರೇಸಿನ ಆಸುಪಾಸು

ಕೊನೆಯ ಎರಡು ವಾರ ಓಟ ಕಮ್ಮಿ ಮಾಡಿದ್ರೆ ಫಿಟ್‌ನೆಸ್ ಹೋಗಲ್ವಾ?

ಹೋಗುವುದಿಲ್ಲ. ಇದಕ್ಕೆ ಟೇಪರ್ ಅನ್ನುತ್ತಾರೆ. ದೂರ ಅರ್ಧಕ್ಕೆ ಇಳಿಯಲಿ, ಓಡುವ ದಿನಗಳು ಅಷ್ಟೇ ಇರಲಿ. ಈ ದಿನಗಳಲ್ಲಿ ಇಲ್ಲದ ನೋವೆಲ್ಲ ಇದ್ದಂತೆ ಅನಿಸುತ್ತದೆ, ಮೆಟ್ಟಿಲಿಳಿಯುವಾಗ ಮೊಣಕಾಲು ಕುಟುಕುತ್ತದೆ. ಬಹುಪಾಲು ಅದು ಮನಸ್ಸಿನ ಆಟ. ಹಿಂದಿನ ರಾತ್ರಿ ನಿದ್ದೆ ಬರದಿದ್ದರೂ ಚಿಂತೆಯಿಲ್ಲ, ಅದರ ಹಿಂದಿನ ಎರಡು ಮೂರು ರಾತ್ರಿ ಚೆನ್ನಾಗಿ ಮಲಗಿರಿ. ಹಿಂದಿನ ದಿನ ರೂಢಿಯ ಊಟ ಸಾಕು. ಎಣ್ಣೆ, ಖಾರ, ನಾರು ಕಮ್ಮಿ ಇರಲಿ.

ರೇಸ್ ದಿನ ಎಲ್ಲರೂ ಮಾಡುವ ತಪ್ಪು ಯಾವುದು?

ಮೊದಲ ಮೂರು ಕಿಲೋಮೀಟರ್ ಜೋರಾಗಿ ಓಡುವುದು. ನಾನೂ ಮಾಡಿದೆ. ಕಿಲೋಮೀಟರಿಗೆ 7:15 ಅಂತ ಪ್ಲಾನ್ ಮಾಡಿದ್ದೆ. ಜನ ನುಗ್ಗಿದರು, ನಾನೂ ನುಗ್ಗಿದೆ, ಮೊದಲ ಕಿಲೋಮೀಟರ್ 6:10ಕ್ಕೆ ಮುಗಿದಿತ್ತು. ಎಷ್ಟು ಹಗುರ ಅನಿಸಿತು ಅಂದರೆ, ತಯಾರಿ ಜಾಸ್ತಿಯೇ ಆಯಿತೇನೋ ಅಂದುಕೊಂಡೆ. ಸಾಲದ್ದಕ್ಕೆ ಕಾಲಲ್ಲಿ ಹೊಸ ಕಾಲುಚೀಲ, ರೇಸ್ ಅಂತ ವಿಶೇಷವಾಗಿ ಕೊಂಡಿದ್ದು. 14ನೇ ಕಿಲೋಮೀಟರಿಗೆ ಎಡ ಹಿಮ್ಮಡಿಯಲ್ಲಿ ಬಿಸಿ, 16ಕ್ಕೆ ಬೊಬ್ಬೆ ಒಡೆದು ಒದ್ದೆ. ತೊಡೆ ಕಲ್ಲಾಗಿತ್ತು. ಕೊನೆಯ ಐದು ಕಿಲೋಮೀಟರ್ ಬಹುಪಾಲು ನಡೆದೆ. ಶುರುವಿನಲ್ಲಿ ನಾನು ಹಿಂದೆ ಹಾಕಿದ್ದ, ಗಡಿಯಾರದ ಹಾಗೆ ಓಡಿ ನಡೆದು ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನಗುತ್ತಾ ದಾಟಿಹೋದರು.

ಹಾಗಾಗಿ ಹಿಂದಿನ ಸಾಲಿನಲ್ಲಿ ನಿಲ್ಲಿ. ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ, ಅಂದರೆ ಬಿಬ್‌ನಲ್ಲಿ ಟೈಮಿಂಗ್ ಚಿಪ್ ಇದ್ದರೆ ನಿಮ್ಮ ಸಮಯ ನೀವು ಗೆರೆ ದಾಟಿದ ಮೇಲೇ ಶುರು, ತಡವಾಯಿತು ಅನ್ನುವ ಆತಂಕ ಬೇಡ. ಮೊದಲ ಮೂರು ಕಿಲೋಮೀಟರ್ ಗುರಿಯ ಪೇಸ್‌ಗಿಂತ 10-15 ಸೆಕೆಂಡ್ ನಿಧಾನ ಇರಲಿ. ಹೊಸದು ಯಾವುದೂ ಮೈಮೇಲೆ ಬೇಡ.

ಮುನ್ನೆಚ್ಚರಿಕೆಗೆ ನೋವಿನ ಮಾತ್ರೆ ನುಂಗಿ ಓಡಲಾ?

ಬೇಡ. ಐಬುಪ್ರೊಫೆನ್‌ನಂಥ ಮಾತ್ರೆಗಳು ದೀರ್ಘ ಓಟದಲ್ಲಿ, ಮೈಯ ನೀರು ತಗ್ಗಿದ ಹೊತ್ತಲ್ಲಿ, ಮೂತ್ರಪಿಂಡಕ್ಕೂ ಹೊಟ್ಟೆಗೂ ಹೊರೆ. ಜೊತೆಗೆ, ನಿಲ್ಲಿಸು ಅಂತ ಹೇಳಬೇಕಾದ ನೋವಿನ ಬಾಯಿ ಮುಚ್ಚಿಸುತ್ತವೆ.

ಮುಗಿದ ಮೇಲೆ ಮತ್ತೆ ಯಾವಾಗ ಓಡಬಹುದು?

ಗೆರೆ ದಾಟಿದ ತಕ್ಷಣ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ದಿಢೀರ್ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಒಂದು ಗಂಟೆಯೊಳಗೆ ಏನಾದರೂ ತಿನ್ನಿ. ಮಾರನೇ ದಿನಕ್ಕಿಂತ ಅದರ ಮಾರನೇ ದಿನ ತೊಡೆ ಜಾಸ್ತಿ ನೋಯುತ್ತದೆ. ಮೆಟ್ಟಿಲಿಳಿಯುವಾಗ ಹಿಂದುಮುಂದಾಗಿ ಇಳಿಯಿರಿ, ಕೈಹಿಡಿ ಹಿಡಿದುಕೊಂಡು, ನಿಜಕ್ಕೂ ಸಲೀಸು. ಒಂದು ವಾರ ಬರೀ ನಡಿಗೆ. ಎರಡನೇ ವಾರ ನೋವಿಲ್ಲದಿದ್ದರೆ 3-4 ಕಿ.ಮೀ. ಮೆಲ್ಲಗೆ. ಮುಂದಿನ ರೇಸ್‌ಗೆ ದುಡ್ಡು ಕಟ್ಟುವುದನ್ನು ಮೆಟ್ಟಿಲು ನೆಟ್ಟಗೆ ಇಳಿಯಲು ಬರುವವರೆಗೆ ತಡೆಯಿರಿ.